ಅರ್ಜಿಯ ಎಡಮೂಲೆ

ಬೈಲಹೊಂಗಲ, ಹೊರಡುವ ಮುಂಚೆ

ವಿಮಾನದಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತೇ, ತಿನ್ನಲು ಏನು ಕೊಟ್ಟರು, ಅಲ್ಲಿ ಎಷ್ಟು ಥಂಡಿ ಎಂದು ಕೇಳುವವರಿಗೆಲ್ಲ ಉತ್ತರ ಹೇಳಿ ನನಗೆ ಸಾಕಾಗಿದೆ. ನಾನು ಇಂಗ್ಲೆಂಡಿಗೆ ಹೋಗಿ ನಿಜವಾಗಿ ನೋಡಿ ಬಂದದ್ದು ಒಂದೇ ಸಂಗತಿ. ಅದನ್ನು ಕಂಡು ತೆರೆದ ಬಾಯಿ ಇನ್ನೂ ಸರಿಯಾಗಿ ಮುಚ್ಚಿಲ್ಲ. ಆದರೆ ಅದನ್ನು ಹೇಳುವ ಮೊದಲು ನಾನು ಇಲ್ಲಿ ಏನು ಮಾಡುತ್ತೇನೆ ಎಂಬುದನ್ನು ಹೇಳಬೇಕು. ಹೇಳಲು ಈಗ ನಾಚಿಕೆಯಾಗುತ್ತದೆ.

ನಾನು ಅರ್ಜಿ ಬರೆಯುವವನು. ಬೈಲಹೊಂಗಲದಲ್ಲಿ ಕಚೇರಿಗಳ ಎದುರು ಬೇವಿನ ಮರದ ಕೆಳಗೆ ನನ್ನದೊಂದು ಮೇಜು, ಎರಡು ಕುರ್ಚಿ. ಒಂದು ದಿನವೂ ಸಾಲಿ ಕಲಿಸಿದವನಲ್ಲದಿದ್ದರೂ ಮಂದಿ ನನ್ನನ್ನು ಮಾಸ್ತರ ಎನ್ನುತ್ತಾರೆ. ಮೂವತ್ತು ವರ್ಷಗಳಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯವರಿಗೆ ಬರೆದುಕೊಟ್ಟಿದ್ದೇನೆ. ಹೀಗಾಗಿ ಮುಂದೆ ‘ನಮ್ಮ ಶಾಸಕರು’ ಎಂದರೆ ಯಾವ ಊರಿನವರು ಎಂದು ಯಾರೂ ಲೆಕ್ಕ ಹಾಕಬೇಡಿ, ನಾನಂತೂ ಹೇಳುವುದಿಲ್ಲ.

ಶಾಸಕರಿಗೆ ಬರೆಯುವ ಅರ್ಜಿಗೆ ಒಂದು ಮೊದಲ ಸಾಲು ಇರುತ್ತದೆ: ‘ತಮ್ಮ ಪಕ್ಷದ ನಿಷ್ಠಾವಂತ ಕಾರ್ಯಕರ್ತನಾದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ’. ಎಲ್ಲರೂ ಇದನ್ನೇ ಬರೆಸುತ್ತಾರೆ, ಎದುರು ಪಕ್ಷದ ಬಾವುಟ ಹೊತ್ತು ಕುಣಿದವರೂ ಬರೆಸುತ್ತಾರೆ. ಎಲ್ಲರೂ ನಿಷ್ಠಾವಂತರಾದ ಮೇಲೆ ಆ ಸಾಲಿಗೆ ಕಿಮ್ಮತ್ತು ಎಲ್ಲಿ ಉಳಿಯಿತು? ನಾನು ಈ ಕೆಲಸ ಹಿಡಿದ ಹೊಸದರಲ್ಲೇ ಒಂದು ದಿನ ಶಾಸಕರ ಆಪ್ತ ಸಹಾಯಕ ಈರಣ್ಣ ನನ್ನ ಮೇಜಿನ ಹತ್ತಿರ ಬಂದು ಕುಳಿತ.

“ಮಾಸ್ತರ, ದಿನಾ ರಗಡ ಅರ್ಜಿ ಬರತಾವು. ನಮ್ಮವರು ಯಾರು, ಅವರ ಕಡೆದವರು ಯಾರು ತಿಳಿಯೂದಿಲ್ಲ. ನಿಮಗ ಮಂದಿ ಗುರ್ತಾ ಐತಿ. ಎಡಮೂಲ್ಯಾಗ ಒಂದು ಸಣ್ಣ ಗುರುತು ಹಾಕಿಬಿಡ್ರಿ, ಸಾಕು.”

ಅಂದಿನಿಂದ ಹಾಕುತ್ತ ಬಂದೆ. ನಮ್ಮವರಿಗೆ ಸರಿ ಗುರುತು, ಬೇರೆಯವರಿಗೆ ಸೊನ್ನೆ. ಸಾಸಿವೆ ಕಾಳಿನಷ್ಟು ಸಣ್ಣದು, ಬರೆಸಿದವರ ಕಣ್ಣಿಗೆ ಬೀಳುವುದಿಲ್ಲ. ಶಾಸಕರು ಪಕ್ಷ ಬದಲಿಸಿದರು, ಮತ್ತೆ ಬದಲಿಸಿದರು, ನನ್ನ ಗುರುತು ಮಾತ್ರ ಬದಲಾಗಲಿಲ್ಲ. ಪತ್ರಕ್ಕೆ ಪಿನ್‌ಕೋಡ್ ಬರೆದ ಹಾಗೆ ಇದೂ ಒಂದು ಅನುಕೂಲ ಎಂದುಕೊಂಡಿದ್ದೆ. ಹೆಸರು, ಓಣಿ, ಮನೆತನ ಕೇಳಿದರೆ ಯಾರ ಓಟು ಯಾರಿಗೆ ಎಂದು ನನಗೆ ಗೊತ್ತಾಗುತ್ತಿತ್ತು. ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ರಬಿಯಾ ಬಂದಳು. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ದಸ್ತಗೀರನ ಮಗಳು. ಹುಟ್ಟಿದಾಗಿನಿಂದ ಎರಡೂ ಕಾಲಿಗೆ ಬಲವಿಲ್ಲ. ಹೊಲಿಗೆಯಲ್ಲಿ ಮಾತ್ರ ಅವಳನ್ನು ಮೀರಿಸುವವರು ಈ ಭಾಗದಲ್ಲಿ ಇಲ್ಲ. ಬೈಲಹೊಂಗಲದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಶಾಸಕರ ನಿಧಿಯಿಂದ ಅಂಗವಿಕಲರಿಗೆ ಕೊಡುವ ಮೂರು ಗಾಲಿಯ ಸ್ಕೂಟರ್ ಬಂದರೆ ದಿನಾ ಊರಿಂದ ಬಂದು ಹೋಗಬಹುದಿತ್ತು. ಅಪ್ಪ ತನ್ನ ಮೋಟಾರ್ ಸೈಕಲ್ಲಿನ ಮೇಲೆ ಅವಳನ್ನು ಎತ್ತಿ ಕೂರಿಸಿಕೊಂಡು ಬಂದಿದ್ದ.

“ಇದು ಮೂರನೇ ಸಲ ಮಾಸ್ತರ. ಈ ಸಲ ಛಂದಂಗ ಬರೀರಿ,” ಎಂದಳು. “ದೀಪಾವಳಿಗೆ ಎಂ.ಕೆ. ಹುಬ್ಬಳ್ಳಿ ಸಕ್ಕರಿ ಕಾರ್ಖಾನಿ ಚಾಲೂ ಆಗ್ತೈತಿ. ಅಪ್ಪಾ ಕಬ್ಬಿನ ಮ್ಯಾಲ ಹ್ವಾದ ಅಂದ್ರ ನನ್ನ ಕರಕೊಂಡು ಬರವ್ರು ಯಾರೂ ಇಲ್ಲ. ಹೊಲಿಗಿ ಕೇಂದ್ರದವರು ದೀಪಾವಳಿ ತನಕಾ ಅಷ್ಟ ಕಾಯ್ತೇವಿ ಅಂದಾರ.”

ಛಂದಾಗಿಯೇ ಬರೆದೆ. ಕೊನೆಗೆ ಕೈ ತನ್ನ ಅಭ್ಯಾಸದಂತೆ ಎಡಮೂಲೆಗೆ ಹೋಗಿ ಸೊನ್ನೆ ಹಾಕಿತು. ರಬಿಯಾ ಅರ್ಜಿಯನ್ನು ಮಡಚದೆ, ಅಳತೆ ಬರೆದಿಡುವ ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡಳು.

ಇಂಗ್ಲೆಂಡಿನ ಉತ್ತರಕ್ಕೆ, ಸಮುದ್ರದ ಕಡೆಯ ಒಂದು ಊರು

ನನ್ನ ಮಗಳು ಸುಜಾತಾ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಎಷ್ಟು ಕರೆದರೂ ನನ್ನ ಹೆಂಡತಿ ಬರಲಿಲ್ಲ. “ಅಷ್ಟೊತ್ತು ಗಾಳ್ಯಾಗ ಕುಂದ್ರೂದು ನನ್ನಿಂದ ಆಗೂದಿಲ್ಲ, ನೀವ ಹೋಗಿ ಬರ್ರಿ” ಎಂದು ಎಮ್ಮೆಯ ಜೊತೆ ಉಳಿದಳು. ನಾನು ಒಬ್ಬನೇ ಹೊರಟೆ, ಅಂಗಿಯ ಜೇಬಿನಲ್ಲಿ ನಾಲ್ಕು ಶಾಯಿ ಪೆನ್ನು ಸಿಕ್ಕಿಸಿಕೊಂಡು. ಪೆನ್ನಿಲ್ಲದೆ ನನಗೆ ಬತ್ತಲೆ ನಿಂತ ಹಾಗಾಗುತ್ತದೆ.

ವಿಮಾನ ಮೇಲೇರಿದಂತೆ ಎರಡು ಪೆನ್ನು ಕಾರಿಕೊಂಡವು. ಎದೆಯ ತುಂಬ ನೀಲಿ. ಗಗನಸಖಿ ಒದ್ದೆ ಕಾಗದ ತಂದುಕೊಟ್ಟಳು. ಒರೆಸಿದಷ್ಟೂ ಅದು ದೊಡ್ಡದಾಯಿತು. ಇಳಿದಾಗ ಸುಜಾತಾ ಓಡಿ ಬಂದವಳು ಗಕ್ಕನೆ ನಿಂತು, “ಅಪ್ಪಾ, ಯಾರರೆ ಹೊಡದ್ರೇನ?” ಎಂದು ಕೇಳಿದಳು. ಆ ಅಂಗಿಯನ್ನು ಎಷ್ಟು ಸಲ ಒಗೆದರೂ ಜೇಬಿನೊಳಗಿನ ಶಾಯಿ ಹೋಗಲಿಲ್ಲ.

ಅಲ್ಲಿಯವರ ರೀತಿಗೆ ಹೊಂದಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ನೀವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಬಸ್ಸಿಗೆ ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಮಳೆ ಬರುತ್ತಿದ್ದಾಗ ಮಳೆ ಬರುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇಷ್ಟನ್ನೆಲ್ಲ ಸಹಿಸಿದೆ. ಸಹಿಸಲಾಗದೆ ಹೋದದ್ದು ಕೆಳಮನೆಯ ಮಾರ್ಗರೆಟ್ ಅಜ್ಜಿಯ ಕಿಟಕಿ.

ಮಾರ್ಗರೆಟ್‌ಗೆ ಎಂಬತ್ತರ ಮೇಲೆ. ಊರೆಲ್ಲ ಅಂಚೆ ಹಂಚಿದ ಹೆಂಗಸು, ಈಗ ಗಾಲಿಕುರ್ಚಿಯಲ್ಲಿ. ಅಲ್ಲಿ ಊರ ಕೌನ್ಸಿಲಿನ ಒಂದು ಸ್ಥಾನಕ್ಕೆ ಉಪಚುನಾವಣೆ ಬಂದಿತ್ತು. ಈಕೆ ತನ್ನ ಪಕ್ಷದ ಪೋಸ್ಟರನ್ನು ಬೀದಿಗೆ ಕಾಣುವಂತೆ ಕಿಟಕಿಗೆ ಅಂಟಿಸಿದ್ದಳು. ಆ ಕ್ಷೇತ್ರದ ಎಂ.ಪಿ. ಎದುರು ಪಕ್ಷದವರು. ಅವರ ಬಗ್ಗೆ ಈಕೆ ಆಡುತ್ತಿದ್ದ ಮಾತು ಕೇಳಿದರೆ ನಮ್ಮ ಕಡೆ ಎರಡು ಊರು ಹೊಡೆದಾಡುತ್ತಿದ್ದವು. “ಆ ಹೆಂಗಸು ಮಾತಾಡಲು ನಿಂತರೆ ನನ್ನ ಟೀವಿಯೇ ನಾಚಿಕೊಂಡು ಆರಿಹೋಗುತ್ತದೆ,” ಎನ್ನುತ್ತಿದ್ದಳು.

ನನಗೆ ಸವದತ್ತಿ ಕಡೆಯ ಒಂದು ಮದುವೆ ನೆನಪಾಯಿತು. ಬೀಗರಿಬ್ಬರ ಪಕ್ಷ ಬೇರೆ ಬೇರೆ. ಮುಖಂಡರು ಯಾವ ಬಾಗಿಲಿನಿಂದ ಒಳಗೆ ಬರಬೇಕು ಎಂಬ ಜಗಳದಲ್ಲಿ ಅಕ್ಷತೆಯೇ ಒಂದು ತಾಸು ತಡವಾಗಿತ್ತು. ಮದುಮಕ್ಕಳು ಪಾಪ ಹಸಿದು ಕುಳಿತಿದ್ದರು. ಪಕ್ಷ ಅಂದರೆ ನಮಗೆ ಅಷ್ಟು ದೊಡ್ಡದು.

ಒಂದು ಶುಕ್ರವಾರ ಸುಜಾತಾ ಕೆಲಸಕ್ಕೆ ಹೊರಡುತ್ತ ಹೇಳಿದಳು: “ಅಪ್ಪಾ, ನಾಳೆ ನನಗ ಡ್ಯೂಟಿ ಐತಿ. ಮಾರ್ಗರೆಟ್ ಎಂ.ಪಿ. ಹತ್ರ ಹೋಗಬೇಕಂತ. ಬ್ಯಾಟರಿ ಕುರ್ಚಿ ಬೇಕು ಅಂತ ಅರ್ಜಿ ಕೊಟ್ಟು ಎಂಟು ತಿಂಗಳಾತು, ಆಸ್ಪತ್ರಿಯವರು ಏನೂ ಹೇಳವಲ್ರು. ನೀ ಸ್ವಲ್ಪ ನೂಕ್ಕೊಂಡು ಹೋಗ್ತಿ?”

“ಯಾ ಎಂ.ಪಿ.? ಅಕಿ ಬಯ್ಯೂ ಎಂ.ಪಿ. ಕಡೇನ?”

“ಮತ್ತ ಎಷ್ಟು ಮಂದಿ ಎಂ.ಪಿ. ಇರ್ತಾರ ಅಪ್ಪಾ? ಇರಾಕಿ ಒಬ್ಬಾಕಿನ.”

ಈ ಮುದುಕಿಗೆ ಕುರ್ಚಿ ಸಿಕ್ಕ ಹಾಗೇ ಬಿಡು ಎಂದುಕೊಂಡೆ.

ಶನಿವಾರ, ವಾಚನಾಲಯ

ಬೆಳಿಗ್ಗೆ ಕೆಳಗಿಳಿದಾಗ ಮಾರ್ಗರೆಟ್ ಸಿದ್ಧವಾಗಿ ಕುಳಿತಿದ್ದಳು. ಕೋಟಿನ ಮೇಲೆ ಅವಳ ಪಕ್ಷದ ದೊಡ್ಡ ಬಿಲ್ಲೆ ಹೊಳೆಯುತ್ತಿತ್ತು. ತೆಗೆಯಿರಿ ಎಂದೆ. “ಯಾಕೆ? ಚಂದವಿದೆಯಲ್ಲ,” ಎಂದಳು. ಕೆಲಸ ಕೆಡುತ್ತದೆ ಎಂದೆ. ನನ್ನ ಇಂಗ್ಲಿಷ್ ಅವಳಿಗೆ ತಿಳಿಯಲಿಲ್ಲವೋ, ನನ್ನ ಮಾತಿನ ಅರ್ಥ ತಿಳಿಯಲಿಲ್ಲವೋ, ನಕ್ಕು ಸುಮ್ಮನಾದಳು.

ಮೂವತ್ತು ವರ್ಷ ಈ ಕೆಲಸ ಮಾಡಿದವನು ನಾನು. ಸುಮ್ಮನೆ ನೋಡುತ್ತ ನಿಲ್ಲುವುದು ಹೇಗೆ? ದಾರಿಯಲ್ಲಿ ಗಾಳಿ ಜೋರಾಗಿತ್ತು. ಅವಳ ಕೊರಳ ವಸ್ತ್ರ ಸರಿಪಡಿಸುವ ನೆಪದಲ್ಲಿ ಬಿಲ್ಲೆಯನ್ನು ಮೆಲ್ಲನೆ ಕಿತ್ತು, ಶಾಯಿ ಕಾರಿದ ಅದೇ ಅಂಗಿಯ ಜೇಬಿಗೆ ಹಾಕಿಕೊಂಡೆ. ಕಳ್ಳತನವೆಂದು ಅನಿಸಲೇ ಇಲ್ಲ. ಅವಳ ಒಳ್ಳೆಯದಕ್ಕೇ ಮಾಡಿದ್ದೆ. ಚೀಲದಲ್ಲಿ ಒಂದು ಶಾಲನ್ನೂ ತಂದಿದ್ದೆ, ರಾಮದುರ್ಗದ ನೇಕಾರ ಗೆಳೆಯ ಕೊಟ್ಟದ್ದು. ಜನಪ್ರತಿನಿಧಿಯ ಬಳಿ ಬರಿಗೈಯಲ್ಲಿ ಹೋಗುವುದನ್ನು ನಾನು ಕಲಿತಿರಲಿಲ್ಲ.

ಸಾರ್ವಜನಿಕ ವಾಚನಾಲಯದ ಒಂದು ಕೋಣೆ. ಬಾಗಿಲಲ್ಲಿ ಹಾರ ಹಿಡಿದವರಿಲ್ಲ, ಚಪ್ಪಲಿಯ ರಾಶಿ ಇಲ್ಲ, ಬಾವುಟ ಇಲ್ಲ. ಏಳೆಂಟು ಜನ ಸುಮ್ಮನೆ ಕುಳಿತಿದ್ದರು. ನಮ್ಮ ಸರದಿ ಬಂದಾಗ ಒಳಗೆ ಒಂದು ಮೇಜು, ಥಂಡಿಗೆ ಮೂಗು ಕೆಂಪಾಗಿದ್ದ ಒಬ್ಬ ನಡುವಯಸ್ಸಿನ ಹೆಂಗಸು, ಪಕ್ಕದಲ್ಲಿ ಬರೆದುಕೊಳ್ಳುವ ಹುಡುಗಿ. ಆ ಹೆಂಗಸೇ ಎಂ.ಪಿ.

ಮಾರ್ಗರೆಟ್ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಶಾಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, ಅರ್ಜಿಗಳಿಂದ ಕಲಿತ ಇಂಗ್ಲಿಷಿನಲ್ಲಿ ಹೇಳಿದೆ: “ಮಾನ್ಯರೇ, ಈ ವೃದ್ಧೆ ತಮ್ಮ ಪಕ್ಷದ ನಿಷ್ಠಾವಂತ ಅಭಿಮಾನಿ. ಇವರ ಓಟು ಎಂದಿಗೂ ತಮಗೇ.”

“ನಾನಾ?” ಎಂದು ಮಾರ್ಗರೆಟ್ ಕಿರುಚಿದಳು. ಕೈ ಕೋಟಿನ ಮೇಲೆ ಹೋಯಿತು. “ನನ್ನ ಬಿಲ್ಲೆ ಎಲ್ಲಿ?”

ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದೆ. ಅದರ ಅರ್ಧಕ್ಕೆ ಹಳೆಯ ಶಾಯಿ ಮೆತ್ತಿ ನೀಲಿಯಾಗಿತ್ತು. ಎಂ.ಪಿ. ಪೆನ್ನು ಕೆಳಗಿಟ್ಟರು. ಸಿಟ್ಟಾಗುತ್ತಾರೆ, ಹೊರಗೆ ಹಾಕಿಸುತ್ತಾರೆ ಎಂದು ಕಾದೆ.

“ದಯವಿಟ್ಟು ಅದನ್ನು ನನಗೆ ಹೇಳಬೇಡಿ,” ಎಂದರು ನನಗೆ, ಮೆಲ್ಲಗೆ. “ಯಾರು ಯಾರಿಗೆ ಓಟು ಹಾಕಿದರು ಎಂಬುದು ಈ ಕೋಣೆಯಲ್ಲಿ ನನಗೆ ಬೇಕಾಗಿಲ್ಲ.” ಆಮೇಲೆ ಬಿಲ್ಲೆಯನ್ನು ಕೇಳಿ ತೆಗೆದುಕೊಂಡು, ತಮ್ಮದೇ ಕರವಸ್ತ್ರದಿಂದ ಒರೆಸಿ, ಮಾರ್ಗರೆಟ್‌ಗೆ ಕೊಟ್ಟರು. ತಮ್ಮನ್ನು ಸೋಲಿಸಲು ಹೊರಟವರ ಬಿಲ್ಲೆಯನ್ನು!

ಮಾರ್ಗರೆಟ್ ಬಿಲ್ಲೆ ಸಿಕ್ಕಿಸಿಕೊಂಡು ಜಗಳಕ್ಕೇ ಇಳಿದಳು. “ಆಸ್ಪತ್ರೆಗಳ ಖರ್ಚು ಬಿಗಿ ಮಾಡುವ ಮಸೂದೆಗೆ ನೀವು ಕೈ ಎತ್ತಿದಿರಿ. ನನ್ನ ಕುರ್ಚಿ ಬಾರದಿರುವುದಕ್ಕೆ ನೀವೇ ಕಾರಣ.”

“ಎತ್ತಿದೆ,” ಎಂದರು ಎಂ.ಪಿ. “ನನ್ನ ಪಕ್ಷ ಹೇಳಿತು, ನನಗೂ ಸರಿ ಎನಿಸಿತು. ನಾಳೆ ಮತ್ತೆ ಎತ್ತಬಹುದು. ನೀವು ನನ್ನನ್ನು ಬಯ್ಯಬಹುದು. ಆದರೆ ನಿಮ್ಮ ಅರ್ಜಿ ಎಂಟು ತಿಂಗಳು ಯಾರ ಮೇಜಿನ ಮೇಲೆ ಮಲಗಿದೆ ಎಂದು ಕೇಳುವುದು ನನ್ನ ಕೆಲಸ. ಹೇಳಿ, ಮೊದಲ ಪತ್ರ ಯಾವಾಗ ಕೊಟ್ಟಿರಿ?”

ಹೀಗೆ ಒಂದು ಕಡೆ ಬಯ್ಯುತ್ತ, ಇನ್ನೊಂದು ಕಡೆ ಬರೆದುಕೊಳ್ಳುತ್ತ ಕಾಲು ಗಂಟೆ ನಡೆಯಿತು. ಶಾಲನ್ನು ಎಂ.ಪಿ. ತೆಗೆದುಕೊಳ್ಳಲಿಲ್ಲ, ಅದು ಮಾರ್ಗರೆಟ್‌ಳ ಮೊಣಕಾಲಿನ ಮೇಲೆ ಹೋಯಿತು. ನನ್ನ ಕಣ್ಣು ಮಾತ್ರ ಹುಡುಗಿಯ ಕೈಯಲ್ಲಿದ್ದ ಹಾಳೆಯ ಮೇಲೆ ಇತ್ತು. ಹೆಸರು, ವಿಳಾಸ, ತೊಂದರೆ. ಎಡಮೂಲೆ ಖಾಲಿ, ಬಲಮೂಲೆಯೂ ಖಾಲಿ. ಹೊರಗೆ ಬರುವಾಗ ತಡೆಯಲಾರದೆ ಅವಳನ್ನು ಕೇಳಿಯೇಬಿಟ್ಟೆ: “ಇವರು ನಿಮ್ಮವರೋ ಅಲ್ಲವೋ ಎಂದು ಎಲ್ಲಿ ಬರೆಯುತ್ತೀರಿ?”

ಹುಡುಗಿ ಹಾಳೆಯನ್ನು ಕೆಳಗಿಟ್ಟಳು. “ಹಾಗೆ ಬರೆದರೆ ನನ್ನ ಕೆಲಸ ಹೋಗುತ್ತದೆ,” ಎಂದಳು. ಆಮೇಲೆ ನನ್ನನ್ನು ವಿಚಿತ್ರವಾಗಿ ನೋಡಿ, “ಎಲ್ಲಾದರೂ ಹಾಗೆ ಬರೆಯುತ್ತಾರೆಯೇ?” ಎಂದು ಕೇಳಿದಳು. ಕುರ್ಚಿ ನೂಕಿಕೊಂಡು ಹೊರಟೆ.

ಅದೇ ಸಂಜೆ

ಇಂಗ್ಲೆಂಡೇನು ದೇವಲೋಕವಲ್ಲ. ಟೀವಿಯಲ್ಲಿ ಅವರ ಸಂಸತ್ತು ನೋಡಿದೆ, ಎಮ್ಮೆ ಸಂತೆಯ ಹಾಗೆ ಗದ್ದಲ. ನಾನು ಹೊರಡುವ ತನಕ ಮಾರ್ಗರೆಟ್‌ಳ ಕುರ್ಚಿಯೂ ಬರಲಿಲ್ಲ, ಅಳತೆ ತೆಗೆದುಕೊಳ್ಳಲು ಬರುತ್ತೇವೆ ಎಂಬ ಕಾಗದ ಮಾತ್ರ ಬಂತು. ಎಂ.ಪಿ.ಯ ಮೇಲಿನ ಅವಳ ಸಿಟ್ಟು ಒಂದು ಚೂರೂ ಇಳಿಯಲಿಲ್ಲ.

ಸಂಜೆ ಸುಜಾತಾ ಬಂದ ಮೇಲೆ ನಡೆದದ್ದೆಲ್ಲ ಹೇಳಿದೆ. ಬಿಲ್ಲೆ ಕದ್ದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಡಮೂಲೆಯ ಗುರುತಿನ ಮಾತು ಹೇಳಿದಾಗ ನಗು ನಿಂತಿತು. ಮೂವತ್ತು ವರ್ಷದಲ್ಲಿ ಮನೆಯಲ್ಲಿ ಯಾರಿಗೂ ನಾನು ಇದನ್ನು ಹೇಳಿರಲಿಲ್ಲ.

“ರಬಿಯಾಂದು ಅರ್ಜಿ ಬರದೇನಿ ಅಂತ ಫೋನಿನ್ಯಾಗ ಹೇಳಿದ್ದಿಯಲ್ಲ ಅಪ್ಪಾ. ನನ್ನ ಮದುವಿ ಕುಪ್ಪಸ ಹೊಲದಾಕಿ ಅಕಿ. ಅಕೀದಕ್ಕ ಏನ್ ಹಾಕಿದಿ?”

ನಾನು ಮೇಜಿನ ಮೇಲೆ ಬೆರಳಿನಿಂದ ಒಂದು ಸೊನ್ನೆ ಎಳೆದೆ.

“ಮೂರೂ ಸಲಾ?”

ಮೂರೂ ಸಲ ಎಂದೆ. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಉಳಿದ ದಿನಗಳಲ್ಲಿ ಸಮುದ್ರ, ಕೋಟೆ, ಚರ್ಚು ಎಲ್ಲ ತೋರಿಸಿದಳು. ನನಗೆ ನೆನಪಿರುವುದು ದೀಪಾವಳಿಗೆ ಎಷ್ಟು ದಿನ ಉಳಿಯಿತು ಎಂದು ಎಣಿಸುತ್ತಿದ್ದದ್ದು ಮಾತ್ರ.

ಕಿತ್ತೂರು, ಹೆದ್ದಾರಿಯ ಬದಿ

ಬೆಂಗಳೂರಿನಿಂದ ಬಸ್ಸು ಹಿಡಿದು ಕಿತ್ತೂರಿನಲ್ಲಿ ಇಳಿದೆ. ದಸ್ತಗೀರ ಟ್ರ್ಯಾಕ್ಟರ್ ರಿಪೇರಿಗೆ ಆ ಕಡೆ ಬಂದಿದ್ದ, ಫೋನ್ ಮಾಡಿದ್ದಕ್ಕೆ ಮೋಟಾರ್ ಸೈಕಲ್ ತಂದು ನಿಂತಿದ್ದ. “ನಮ್ಮ ಮನಿಗೆ ಆಮ್ಯಾಲ ಹೋಗೂನು, ಮೊದಲ ನಿಮ್ಮ ಮನಿಗೆ ನಡಿ” ಎಂದೆ. ಫಾರಿನ್ನಿನಿಂದ ಬಂದವನು ನೇರವಾಗಿ ತನ್ನ ಮನೆಗೇ ಬರುತ್ತಾನೆ ಎಂದು ಪಾಪ ಅವನಿಗೆ ಖುಷಿಯೋ ಖುಷಿ.

ರಬಿಯಾ ಹೊಲಿಗೆ ಯಂತ್ರದ ಮುಂದೆ ಇದ್ದಳು. ಮೂರನೇ ಅರ್ಜಿಗೂ ಉತ್ತರ ಬಂದಿರಲಿಲ್ಲ. ಚಹಾ ಬರುವ ಮೊದಲೇ ಹೇಳಿಬಿಟ್ಟೆ, ಚಹಾ ಕುಡಿದ ಮೇಲೆ ಹೇಳಲು ನನಗೆ ಮುಖವಿರುತ್ತಿರಲಿಲ್ಲ.

“ಸೊನ್ನಿ ಅಂದ್ರ ಏನ್ರಿ ಮಾಸ್ತರ?” ಎಂದಳು ರಬಿಯಾ.

“ಸಾಹೇಬ್ರ ಮಂದಿ ಅಲ್ಲ ಅಂತ.”

ಬಾಗಿಲಲ್ಲಿ ನಿಂತಿದ್ದ ದಸ್ತಗೀರ ಒಳಗೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. “ನಾ ಮೊದಲಿಂದ ಅವ್ರಿಗೇ ಓಟು ಹಾಕ್ಕೋತ ಬಂದೇನ್ರಿ,” ಎಂದ. “ನಮ್ಮಪ್ಪನ ದವಾಖಾನಿಗೆ ಒಯ್ಯಾಕ ಅವ್ರು ಒಮ್ಮಿ ಜೀಪ್ ಕೊಟ್ಟಿದ್ರು. ಪಾರ್ಟಿ ಬದಲಿ ಮಾಡಿದಾಗೂ ನಾ ಅವ್ರನ್ನ ಬಿಡಲಿಲ್ಲ. ನಮ್ಮ ಹೆಸರ ಕೇಳಿ ಬರದ್ರೇನ್ರಿ? ಒಂದ್ ಮಾತ ಕೇಳಬೇಕಿತ್ತಲ್ಲ ಮಾಸ್ತರ.”

ಮೂವತ್ತು ವರ್ಷ ಹೀಗೆ ಎಷ್ಟು ಸೊನ್ನೆ ಹಾಕಿದ್ದೆನೋ ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ. ಆದರೆ ನನ್ನ ಬಾಯಿಂದ ಬಂದ ಮಾತು ಬೇರೆ. “ಹಂಗಾದ್ರ ಸರಳ ಆತಲ್ಲೋ! ಇನ್ನೊಂದು ಬರದು ಸರಿ ಗುರುತು ಹಾಕ್ತೇನಿ, ನಾಳೇನ ಗಾಡಿ ಬರತೈತಿ” ಎಂದುಬಿಟ್ಟೆ. ಇಂಗ್ಲೆಂಡಿನ ವಾಚನಾಲಯ ನೋಡಿ ಬಂದವನು ಆಡಿದ ಮಾತು ಇದು.

ರಬಿಯಾ ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕೆ ಇಟ್ಟಳು. “ಅಪ್ಪಾ ಅವ್ರಿಗೆ ಹಾಕ್ಯಾನ. ನಾ ಹಾಕಿಲ್ರಿ.”

“ಏ, ಏನಂದಿ?” ದಸ್ತಗೀರ ತಿರುಗಿ ನಿಂತ. “ಯಾವಾಗ?”

“ಎರಡ ಸಲ ಓಟು ಬಂದೈತಿ ನನಗ. ಎರಡೂ ಸಲ ಬ್ಯಾರೆಯವ್ರಿಗೆ ಹಾಕೇನಿ. ನೀ ನನ್ನ ಎತ್ಕೊಂಡು ಬೂತಿನ ತನಕಾ ಬಂದಿ, ಒಳಗ ನಾ ಒಬ್ಬಾಕಿನ ಇದ್ದೆ.” ಆಮೇಲೆ ನನ್ನ ಕಡೆ ನೋಡಿದಳು. “ಈಗ ಏನ್ ಗುರುತು ಹಾಕ್ತೀರಿ ಮಾಸ್ತರ? ಓಟು ಯಾರಿಗಾರ ಹಾಕಲಿ, ನನ್ನ ಕಾಲಂತೂ ಇವೇ ಅದಾವು.”

ದಸ್ತಗೀರ ಮಗಳನ್ನು ಹೊಸಬಳನ್ನು ನೋಡಿದ ಹಾಗೆ ನೋಡುತ್ತಿದ್ದ. ನಾನು ಚೀಲದಿಂದ ಹಾಳೆ ತೆಗೆದು ನಾಲ್ಕನೇ ಅರ್ಜಿ ಬರೆದೆ. ‘ನಿಷ್ಠಾವಂತ’ ಎಂಬ ಸಾಲು ಬಿಟ್ಟೆ. ಹೆಸರು, ಊರು, ತೊಂದರೆ ಇಷ್ಟೇ. ಬರೆದು ಅವಳ ಕೈಗೆ ಕೊಟ್ಟು, ಕೆಳಗೆ ಬಲಗಡೆ ಸಹಿ ಮಾಡು ಎಂದೆ. ರಬಿಯಾ ಓದಿದಳು, ಎಡಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದಳು, ಆಮೇಲೆ ಅಲ್ಲಿಯೇ, ಆ ಮೂಲೆ ಪೂರ್ತಿ ತುಂಬುವ ಹಾಗೆ, ದೊಡ್ಡದಾಗಿ ತನ್ನ ಹೆಸರು ಬರೆದಳು.

ಶಾಸಕರ ಕಚೇರಿ, ಆರು ಮೆಟ್ಟಿಲು

ಮರುದಿನ ಮೂವರೂ ಹೋದೆವು. ಕಚೇರಿಗೆ ಆರು ಮೆಟ್ಟಿಲು. ಇಷ್ಟು ವರ್ಷ ಹತ್ತಿ ಇಳಿದರೂ ನಾನು ಅವನ್ನು ಎಣಿಸಿದವನಲ್ಲ. ರಬಿಯಾ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು, ಎತ್ತಿಕೊಳ್ಳಲು ಬಂದ ಅಪ್ಪನಿಗೆ ಬೇಡ ಎಂದಳು. ಅರ್ಜಿ ಹಿಡಿದುಕೊಂಡು ನಾನೊಬ್ಬನೇ ಮೇಲೆ ಹೋದೆ.

ಈರಣ್ಣನ ಮೇಜಿನ ಮೇಲೆ ಎಂದಿನಂತೆ ಅರ್ಜಿಗಳ ಎರಡು ಗಂಟು, ಸರಿ ಗುರುತಿನವು ಒಂದು, ಸೊನ್ನೆಯವು ಒಂದು. ಅರ್ಜಿ ತೆಗೆದುಕೊಂಡವನ ಕಣ್ಣು ಓದುವ ಮೊದಲೇ ಎಡಮೂಲೆಗೆ ಹೋಯಿತು. “ಬರ್ರಿ ಮಾಸ್ತರ, ಫಾರಿನ್ ಮುಗಸಿದ್ರ್ಯಾ? ಇದೇನ್ರಿ, ಗುರುತಿನ ಜಾಗಾದಾಗ ಸಹಿ ಬಂದೈತಿ?”

“ಅಕಿ ಹೆಸರು ಅದು.”

“ಅದು ಗೊತ್ತಾತ್ರಿ. ನಮ್ಮವ್ರೋ, ಅವ್ರೋ?”

“ನನಗ ಗೊತ್ತಿಲ್ಲ,” ಎಂದೆ. ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಈ ಮಾತು ಆಡಿದ್ದು ಅದೇ ಮೊದಲು.

ಈರಣ್ಣ ನಕ್ಕ. ನಾನು ನಗದಿದ್ದನ್ನು ನೋಡಿ ನಗು ನಿಲ್ಲಿಸಿದ. ಅರ್ಜಿ ಹಿಡಿದ ಕೈ ಒಂದು ಗಂಟಿನ ಮೇಲೆ ಹೋಯಿತು, ತಡೆಯಿತು, ಇನ್ನೊಂದರ ಮೇಲೆ ಬಂತು, ಅಲ್ಲಿಯೂ ತಡೆಯಿತು. ಎಲ್ಲಿ ಇಡಬೇಕೆಂದು ನಿಜವಾಗಿಯೂ ಅವನಿಗೆ ತಿಳಿಯಲಿಲ್ಲ.

ಕೆಳಗಿನಿಂದ ರಬಿಯಾಳ ದನಿ ಬಂತು: “ಮಾಸ್ತರ, ತಗೊಂಡ್ರೇನ್ರಿ?”

“ಇನ್ನಾ ಕೈಯಾಗ ಹಿಡಕೊಂಡ ಕುಂತಾನವ್ವಾ,” ಎಂದು ಕೂಗಿ ಹೇಳಿದೆ. ಅರ್ಜಿ ಕೊಡಲು ಬಂದಿದ್ದ ಮಂದಿ ಎಲ್ಲ ತಿರುಗಿ ಈರಣ್ಣನ ಕೈಯನ್ನೇ ನೋಡಿದರು.

ದೀಪಾವಳಿಗೆ ಇನ್ನು ಒಂಬತ್ತು ದಿನ ಇತ್ತು. ನಾನು ಅವನ ಎದುರು ಒಂದು ಕುರ್ಚಿ ಎಳೆದುಕೊಂಡು ಕುಳಿತೆ.